ಬಾಗಿಲಾಚೆ ನಿಂತ ಓರಿನ್ ಬಿಕ್ಸ್‌ಬಿ

ಓರಿನ್ ಬಿಕ್ಸ್‌ಬಿಯ ಜೊತೆ ನಾನು ಆಡಿದಷ್ಟು ಜಗಳವನ್ನು ಕಟ್ಟಿಕೊಂಡ ಹೆಂಡತಿಯ ಜೊತೆ ಕೂಡ ಆಡಿಲ್ಲ. ಅವನು ರಿಪಬ್ಲಿಕನ್, ನಾನು ಡೆಮಾಕ್ರಾಟ್. ನಮ್ಮ ಮಾರ್ಶ್ ಹಿಲ್ ಊರಿನಲ್ಲಿ ಡೆಮಾಕ್ರಾಟರೆಂದರೆ ನಾನು, ನನ್ನ ತಮ್ಮ, ಮತ್ತೆ ಕಿವಿ ಕೇಳಿಸದ ಒಬ್ಬ ಮುದುಕ, ಅಷ್ಟೇ. ಆ ಮುದುಕ ನಮ್ಮ ಕಡೆಗೆ ಯಾಕೆ ವೋಟು ಹಾಕುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಮಿಕ್ಕವರೆಲ್ಲ ಓರಿನ್‌ನ ಪಕ್ಷ. ಹಾಗಾಗಿ ಅವನನ್ನು ಕೆಣಕುವ ಹೊಣೆ ಪೂರ್ತಿ ನನ್ನ ತಲೆಯ ಮೇಲೆ ಬಿದ್ದಿತ್ತು. ಅದರಲ್ಲಿ ನಾನು ಯಾವತ್ತೂ ಕಳ್ಳಬಿದ್ದವನಲ್ಲ.

ನನ್ನ ಹೆಸರು ರೂಫಸ್. ಕೆಳಗಿನ ಪೇಟೆಯಿಂದ ನಮ್ಮೂರಿಗೆ ಅಂಚೆ ಚೀಲ ತರುವ ಗಾಡಿ ನನ್ನದು. ಚಳಿಗಾಲದಲ್ಲಿ ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ ಹಿಮಗಾಡಿ ಹೂಡುತ್ತೇನೆ. ಓರಿನ್ ಊರಿನ ಪೋಸ್ಟ್ ಮಾಸ್ಟರ್. ಅವನ ಮನೆಯ ಮುಂಗೋಣೆಯೇ ಪೋಸ್ಟಾಫೀಸು. ಒಂದು ಮರದ ಕಟ್ಟೆ, ಅದರ ಹಿಂದೆ ಗೋಡೆಯ ತುಂಬ ಕಾಗದ ಇಡುವ ಗೂಡುಗಳು, ಇತ್ತ ಕಡೆ ಒಲೆ ಮತ್ತು ಎರಡು ಬೆಂಚು. ಚಿಕ್ಕಂದಿನಲ್ಲಿ ಮರ ಕಡಿಯುವಾಗ ದಿಮ್ಮಿ ಬಿದ್ದು ಅವನ ಎಡಗಾಲು ಸೊಟ್ಟಗಾಗಿತ್ತು. ಹೊಲದ ಕೆಲಸ ಆಗದು. ಲಿಂಕನ್ ಕಾಲದಲ್ಲಿ ಅವನ ಪಕ್ಷ ಅಧಿಕಾರಕ್ಕೆ ಬಂದಾಗ ಈ ಹುದ್ದೆ ಅವನಿಗೆ ಸಿಕ್ಕಿತು. ಆಗೆಲ್ಲ ಹಾಗೇ: ಯಾರ ಪಕ್ಷ ಗೆದ್ದಿತೋ ಅವರ ಕಡೆಯವನೇ ಪೋಸ್ಟ್ ಮಾಸ್ಟರ್. ಪಕ್ಷದ ಸಭೆ ಅಲ್ಲೇ, ಪಕ್ಷದ ಪತ್ರಿಕೆ ಓದುವುದು ಅಲ್ಲೇ, ಚುನಾವಣೆಯ ದಿನ ಬಾವುಟ ಕಟ್ಟುವುದೂ ಅದರ ಬಾಗಿಲಿಗೇ. ಪೋಸ್ಟಾಫೀಸು ಎಲ್ಲಿ ಮುಗಿಯುತ್ತದೆ, ಪಕ್ಷ ಎಲ್ಲಿ ಶುರುವಾಗುತ್ತದೆ ಎಂದು ಯಾರೂ ನೋಡುತ್ತಿರಲಿಲ್ಲ. ನಾನೂ ನೋಡಲಿಲ್ಲ.

ಓರಿನ್‌ಗೂ ಲೊವೀನಾಗೂ ಇದ್ದವನು ಒಬ್ಬನೇ ಮಗ, ಆಲ್ವಿನ್. ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧವಾದಾಗ ವರ್ಜೀನಿಯಾದ ಕಾಡಿನಲ್ಲಿ ಸತ್ತ. ಆ ಕಾಡಿಗೆ ಬೆಂಕಿ ಬಿದ್ದಿತ್ತಂತೆ. ಹೆಣ ಮನೆಗೆ ಬರಲಿಲ್ಲ. ಆ ಸೈನ್ಯವನ್ನು ಕಾಡಿಗೆ ನುಗ್ಗಿಸಿದವನು ಜನರಲ್ ಗ್ರಾಂಟ್. ಅದೇ ಜನರಲ್ ಅಂದರೆ ಓರಿನ್‌ಗೆ ಪ್ರಾಣ. ನನಗೆ ಇದು ಅರ್ಥವಾಗುತ್ತಿರಲಿಲ್ಲ. ಒಮ್ಮೆ ಬಾಯಿ ತಡೆಯದೆ ಕೇಳಿಬಿಟ್ಟೆ.

"ಅಲ್ಲ ಕಣೋ, ನಿನ್ನ ಮಗನ್ನ ಆ ಬೆಂಕಿಗೆ ತಳ್ಳಿದೋನು ಅವನೇ ಅಲ್ವಾ? ಅವನ ಪಟ ಗೋಡೆಗೆ ಹಾಕ್ಕೊಂಡಿದ್ಯಲ್ಲೋ!"

ಅವನು ಕಾಗದಗಳಿಗೆ ಮುದ್ರೆ ಹೊಡೆಯುವುದನ್ನು ನಿಲ್ಲಿಸಿದ. "ರೂಫಸ್, ಅವನಿಗಿಂತ ಮುಂಚೆ ಬಂದ ಜನರಲ್‌ಗಳೆಲ್ಲ ಹುಡುಗ್ರನ್ನ ಸಾಯಿಸಿ ಹಿಂದಕ್ಕೆ ಓಡಿಬಂದ್ರು. ಇವನು ಓಡಿಬರ್ಲಿಲ್ಲ. ಯುದ್ಧ ಮುಗಿಸ್ದ. ಮುಗಿಸ್ದೇ ಇದ್ದಿದ್ರೆ ನನ್ನ ಆಲ್ವಿನ್ ಯಾಕೆ ಸತ್ತ ಅಂತ ನಾನು ಯಾರನ್ನ ಕೇಳ್ಲಿ?"

ಆಮೇಲೆ ಆ ಮಾತನ್ನು ನಾನು ಎತ್ತಲಿಲ್ಲ. ಕೆಣಕುವುದಕ್ಕೆ ಬೇರೆ ವಿಷಯ ಬೇಕಾದಷ್ಟಿತ್ತು.

ಸಾವಿರದ ಎಂಟುನೂರ ಅರವತ್ತೆಂಟರ ವಸಂತದಲ್ಲಂತೂ ನಮ್ಮಿಬ್ಬರಿಗೆ ಹಬ್ಬ. ಲಿಂಕನ್ ಸತ್ತ ಮೇಲೆ ಗಾದಿಗೆ ಬಂದಿದ್ದ, ಮೊದಲು ನಮ್ಮ ಪಕ್ಷದವನಾಗಿದ್ದ ಅಧ್ಯಕ್ಷ ಜಾನ್ಸನ್‌ನನ್ನು ಕಿತ್ತುಹಾಕಲು ಓರಿನ್‌ನ ಪಕ್ಷ ಟೊಂಕ ಕಟ್ಟಿ ನಿಂತಿತ್ತು. ತನ್ನ ಮಂತ್ರಿಯೊಬ್ಬನನ್ನು ಕಾನೂನು ಮೀರಿ ತೆಗೆದುಹಾಕಿದ ಎಂದು ಕೆಳಮನೆ ಅವನ ಮೇಲೆ ದೋಷ ಹೊರಿಸಿತು. ವಿಚಾರಣೆ ಸೆನೆಟ್ಟಿನಲ್ಲಿ. ಮೂರರಲ್ಲಿ ಎರಡು ಪಾಲು ಸೆನೆಟರುಗಳು 'ತಪ್ಪಿತಸ್ಥ' ಎಂದರೆ ಮಾತ್ರ ಅಧ್ಯಕ್ಷ ಮನೆಗೆ. ಪತ್ರಿಕೆ ಬಂದ ದಿನವೆಲ್ಲ ಓರಿನ್ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಗಟ್ಟಿಯಾಗಿ ಓದುತ್ತಿದ್ದ. ನಾನು ಬೆಂಚಿನ ಮೇಲೆ ಕೂತು ಅಡ್ಡಮಾತು ಹಾಕುತ್ತಿದ್ದೆ.

"ಒಬ್ಬ ಪೋಸ್ಟ್ ಮಾಸ್ಟರನ್ನ ತೆಗೀಬೇಕಾದ್ರೆ ಒಂದು ಸಾಲು ಬರೆದ್ರೆ ಸಾಕು. ಅಧ್ಯಕ್ಷನ್ನ ತೆಗೀಬೇಕಾದ್ರೆ ಇಷ್ಟು ಜನ ಮೂರು ತಿಂಗಳು ಗಂಟಲು ಹರ್ಕೋಬೇಕು. ನಿನ್ನ ಹುದ್ದೆ ಎಷ್ಟು ಗಟ್ಟಿ ನೋಡ್ಕೋ!" ಎನ್ನುತ್ತಿದ್ದೆ.

"ನನ್ನನ್ನ ಯಾರು ತೆಗೀತಾರೋ? ಆ ಮನುಷ್ಯನಿಗೆ ನಮ್ಮೂರು ನಕ್ಷೆಯಲ್ಲೇ ಕಾಣಲ್ಲ" ಎನ್ನುತ್ತಿದ್ದ. ಅದು ನಿಜ. ಜಾನ್ಸನ್ ತನ್ನ ವಿರುದ್ಧ ಇದ್ದ ಪೋಸ್ಟ್ ಮಾಸ್ಟರುಗಳನ್ನು ಸಾಲಾಗಿ ಕಿತ್ತಿದ್ದ. ಓರಿನ್ ಮಾತ್ರ ಗುಡ್ಡದ ಮೇಲೆ ಯಾರ ಕಣ್ಣಿಗೂ ಬೀಳದೆ ಉಳಿದುಕೊಂಡಿದ್ದ.

ಕೊನೆಗೆ ಒಂದೇ ವೋಟು ಕಮ್ಮಿಯಾಗಿ ಅಧ್ಯಕ್ಷ ಉಳಿದುಕೊಂಡ. ನಾನು ಒಲೆಯ ಸುತ್ತ ಕುಣಿದೆ, ಸುಳ್ಳು ಯಾಕೆ ಹೇಳಲಿ. ಓರಿನ್ ಮಾತ್ರ ಗರಬಡಿದವನ ಹಾಗೆ ಪತ್ರಿಕೆ ಹಿಡಿದು ಕೂತಿದ್ದ. ಅವತ್ತು ಲೊವೀನಾ ನನ್ನನ್ನು ಪೊರಕೆ ಹಿಡಿದು ಹೊರಗೆ ಅಟ್ಟಿದಳು.

ಆ ಬೇಸಿಗೆಯಲ್ಲಿ ಅವರ ಪಕ್ಷ ಜನರಲ್ ಗ್ರಾಂಟನನ್ನೇ ಅಧ್ಯಕ್ಷಗಿರಿಗೆ ನಿಲ್ಲಿಸಿತು. ಅದಾದ ಸ್ವಲ್ಪ ದಿನಕ್ಕೆ ಪಕ್ಷದ ಹಿರಿಯ ಕರ್ನಲ್ ವೀಲಾಕ್ ಬಿಳಿ ಕುದುರೆಯ ಗಾಡಿಯಲ್ಲಿ ನಮ್ಮೂರಿಗೆ ಬಂದ. ನಮ್ಮ ರಾಜ್ಯಕ್ಕೆ ಐದು ಜನ ಎಲೆಕ್ಟರುಗಳು. ಜನ ನವೆಂಬರಿನಲ್ಲಿ ವೋಟು ಹಾಕುವುದು ನಿಜವಾಗಿ ಈ ಐವರಿಗೆ. ಈ ಐವರು ಡಿಸೆಂಬರಿನಲ್ಲಿ ರಾಜಧಾನಿಯಲ್ಲಿ ಕೂತು ಅಧ್ಯಕ್ಷನಿಗೆ ವೋಟು ಹಾಕುತ್ತಾರೆ. ಗುಡ್ಡದ ಊರುಗಳ ಕಡೆಯಿಂದ ಒಬ್ಬ ಬೇಕಾಗಿತ್ತು. ಮಗನನ್ನು ಯುದ್ಧಕ್ಕೆ ಕೊಟ್ಟ ತಂದೆ, ಎಲ್ಲರೂ ಬಲ್ಲ ಪೋಸ್ಟ್ ಮಾಸ್ಟರ್, ಇವನಿಗಿಂತ ಯಾರು ಬೇಕು ಎಂದು ಕರ್ನಲ್ ಹೇಳಿದ.

ಓರಿನ್‌ನ ಕೈಯಲ್ಲಿದ್ದ ಮುದ್ರೆ ಕಟ್ಟೆಯ ಮೇಲೆ ಇಳಿಯಿತು. "ಅಂದ್ರೆ ಕರ್ನಲ್ ಸಾಹೇಬ್ರೆ, ಜನರಲ್ ಹೆಸ್ರನ್ನ ನನ್ನ ಕೈಯಾರೆ ಬರೆದು ಹಾಕೋದಾ? ನಾನೇ?"

"ನೀವೇ ಬಿಕ್ಸ್‌ಬಿಯವರೇ. ಇಡೀ ದೇಶದಲ್ಲಿ ಇಂಥ ವೋಟು ಮುನ್ನೂರು ಜನಕ್ಕೂ ಇಲ್ಲ."

ಅವತ್ತಿನಿಂದ ಅವನ ನಡಿಗೆಯೇ ಬದಲಾಯಿತು. ಕುಂಟುತ್ತಲೇ ಎದೆಯೆತ್ತಿ ನಡೆದ. ಲೊವೀನಾ ಅವನ ಮದುವೆಯ ಕೋಟನ್ನು ಬಿಚ್ಚಿ, ತಿರುವಿ ಹೊಲಿದಳು. ನವೆಂಬರಿನಲ್ಲಿ ಪಕ್ಷದವರು ಹಂಚಿದ ಚೀಟಿಯ ಮೇಲೆ ಜನರಲ್‌ನ ಹೆಸರು ದೊಡ್ಡದಾಗಿ, ಕೆಳಗೆ ಐದು ಜನರ ಹೆಸರು ಸಣ್ಣದಾಗಿ ಅಚ್ಚಾಗಿತ್ತು. ಪಕ್ಕದ ಕಣಿವೆಯ ರೈತನೊಬ್ಬ ಚೀಟಿ ಹಿಡಿದು ದಂಗಾಗಿ ನಿಂತ. "ಇದೇನ್ರಪ್ಪಾ, ನಾನು ಜನರಲ್‌ಗೆ ಹಾಕೋಣ ಅಂತ ಬಂದ್ರೆ ಈ ಕುಂಟ ಓರಿನ್‌ಗೆ ಹಾಕು ಅಂತೀರಾ!" ಎಂದ. ಊರೆಲ್ಲ ನಕ್ಕಿತು, ಓರಿನ್ ಎಲ್ಲರಿಗಿಂತ ಜೋರಾಗಿ ನಕ್ಕ.

ಅವರೇ ಗೆದ್ದರು ಅಂತ ಬೇರೆ ಹೇಳಬೇಕಾಗಿಲ್ಲ.

ಡಿಸೆಂಬರಿನ ಮೊದಲ ಬುಧವಾರ ಸಭೆ. ಎಡೆಬಿಡದೆ ಹಿಮ ಸುರಿಯುತ್ತಿತ್ತು. ರಾಜಧಾನಿಯವರೆಗೆ ಆ ದಾರಿಯಲ್ಲಿ ಹೋಗಬಲ್ಲ ಕುದುರೆಗಳಿದ್ದದ್ದು ನನ್ನ ಹತ್ತಿರ ಮಾತ್ರ. ಲೊವೀನಾ ಬಂದು, "ರೂಫಸಣ್ಣ, ನೀನೇ ಕರ್ಕೊಂಡು ಹೋಗ್ಬೇಕು. ದಾರೀಲಿ ಜಗಳ ಆಡ್ಕೊಂಡು ಹಳ್ಳಕ್ಕೆ ಬಿದ್ದೀರಾ ಮತ್ತೆ!" ಎಂದಳು. ಅಂಚೆಯ ಕೆಲಸವನ್ನು ಅವಳೇ ನೋಡಿಕೊಳ್ಳುವುದೆಂದಾಯಿತು. ಸಹಾಯಕಿ ಎಂದು ಅವಳೂ ಪ್ರಮಾಣ ಮಾಡಿದ್ದಳು. ಬಿಸಿ ಮಾಡಿದ ಕಲ್ಲುಗಳನ್ನು ಕಂಬಳಿಯಲ್ಲಿ ಸುತ್ತಿ ಗಂಡನ ಕಾಲಬುಡಕ್ಕೆ ಇಟ್ಟಳು. ಒಣ ಸೇಬಿನ ಕಡುಬನ್ನು ಮಾತ್ರ ನನ್ನ ಕೈಗೆ ಕೊಟ್ಟಳು, ಅವನಿಗೆ ಕೊಟ್ಟರೆ ಗಡಿಬಿಡಿಯಲ್ಲಿ ಮರೆಯುತ್ತಾನೆಂದು.

ದಾರಿಯುದ್ದಕ್ಕೂ ಅವನು ಒಂದೇ ಪ್ರಶ್ನೆ ಕೇಳಿದ. "ಹೆಸರು ಪೂರ್ತಿ ಬರೀಬೇಕೋ, ಬರೀ ಜನರಲ್ ಗ್ರಾಂಟ್ ಅಂದ್ರೆ ಸಾಕೋ?"

"ನನ್ನ ಹೆಸರು ಬರಿ. ರೂಫಸ್ ಅಂತ ಸಾಕು, ಪೂರ್ತಿ ಬೇಡ."

"ಥೂ ನಿನ್ನ!" ಎಂದ. ಆದರೆ ಅವನ ಮುಖದಲ್ಲಿದ್ದ ಖುಷಿಯನ್ನು ನೋಡಿ ನನಗೂ ಯಾಕೋ ಖುಷಿಯಾಗುತ್ತಿತ್ತು. ನನ್ನ ಪಕ್ಷ ಸೋತಿತ್ತು, ನಾನು ಹಿಮದಲ್ಲಿ ವೈರಿಯನ್ನು ಕೂರಿಸಿಕೊಂಡು ಅವನ ಮೆರವಣಿಗೆ ಮಾಡಿಸುತ್ತಿದ್ದೆ. ನನಗೆ ಬುದ್ಧಿ ಇಲ್ಲವೆಂದು ನನ್ನ ಹೆಂಡತಿ ಅನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

ಸಭೆ ನಡೆದದ್ದು ರಾಜ್ಯದ ಕಚೇರಿಯ ಒಂದು ಚಿಕ್ಕ ಸಭಾಂಗಣದಲ್ಲಿ. ಮಧ್ಯದಲ್ಲಿ ಹಸಿರು ಬಟ್ಟೆ ಹಾಸಿದ ಮೇಜು, ಐದು ಕುರ್ಚಿ. ನೋಡುವವರಿಗೆ ಮೇಲೆ ಉಪ್ಪರಿಗೆಯಂಥ ಜಗಲಿ. ಅಲ್ಲಿ ಜನವೋ ಜನ. ನನಗೆ ಕಂಬದ ಪಕ್ಕ ಒಂದಿಷ್ಟು ಜಾಗ ಸಿಕ್ಕಿತು. ಕರ್ನಲ್ ವೀಲಾಕ್ ಎಲೆಕ್ಟರುಗಳಲ್ಲಿ ಒಬ್ಬ, ಸಭೆಗೆ ಅವನೇ ಯಜಮಾನ. ಇನ್ನೊಬ್ಬ ಹ್ಯಾಪ್‌ಗುಡ್ ಎಂಬ ಮುದಿ ಜಡ್ಜ್. ಉಳಿದಿಬ್ಬರು ಒಬ್ಬ ಬ್ಯಾಂಕಿನವನು, ಒಬ್ಬ ಗಿರಣಿಯವನು. ಓರಿನ್ ಮೂರನೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಕತ್ತೆತ್ತಿ ನನ್ನನ್ನು ಹುಡುಕಿ, ಹುಬ್ಬು ಹಾರಿಸಿದ.

ವೋಟಿಗೆ ಮುಂಚೆ ಸಂವಿಧಾನದ ಆ ಭಾಗವನ್ನು ಗುಮಾಸ್ತ ಓದುವುದು ಅಲ್ಲಿನ ರೂಢಿ. ಚರ್ಚಿನಲ್ಲಿ ಉದ್ದ ಪ್ರಾರ್ಥನೆ ಕೇಳುವ ಹಾಗೆ ಎಲ್ಲರೂ ಕೇಳುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಗುಮಾಸ್ತ ರಾಗವಾಗಿ ಓದುತ್ತಿದ್ದ. ಪ್ರತಿ ರಾಜ್ಯವೂ ಇಷ್ಟು ಎಲೆಕ್ಟರುಗಳನ್ನು ನೇಮಿಸತಕ್ಕದ್ದು. ಆದರೆ ಸೆನೆಟರ್ ಆಗಲಿ, ಕೆಳಮನೆಯ ಸದಸ್ಯನಾಗಲಿ, ಅಮೆರಿಕ ಸರ್ಕಾರದ ಅಡಿಯಲ್ಲಿ ನಂಬಿಕೆಯ ಅಥವಾ ಲಾಭದ ಹುದ್ದೆಯಲ್ಲಿರುವ ಯಾವನೇ ಆಗಲಿ ಎಲೆಕ್ಟರಾಗಿ ನೇಮಕಗೊಳ್ಳತಕ್ಕದ್ದಲ್ಲ.

ತೂಕಡಿಸುತ್ತಿದ್ದ ಜಡ್ಜ್ ಕಣ್ಣುಬಿಟ್ಟ.

"ಅದನ್ನ ಇನ್ನೊಂದ್ಸಲ ಓದಪ್ಪ."

ಗುಮಾಸ್ತ ಓದಿದ. ಈ ಸಲ ಅವನ ಧ್ವನಿಯಲ್ಲಿ ರಾಗ ಇರಲಿಲ್ಲ.

"ಮಿಸ್ಟರ್ ಬಿಕ್ಸ್‌ಬಿ, ತಮ್ಮ ಉದ್ಯೋಗ ಏನು?"

ಓರಿನ್ ಎದ್ದು ನಿಂತ. ಪಾಪ, ಅವನಿಗೆ ಇನ್ನೂ ಹೊಳೆದಿರಲಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಹೆಮ್ಮೆಯಿಂದಲೇ ಉತ್ತರ ಕೊಟ್ಟ. "ಮಾರ್ಶ್ ಹಿಲ್ ಪೋಸ್ಟ್ ಮಾಸ್ಟರ್, ಸ್ವಾಮಿ. ಏಳು ವರ್ಷದಿಂದ."

ಮೇಲಿನ ಜಗಲಿಯಲ್ಲಿ ಯಾರೋ "ಅಯ್ಯೋ ದೇವ್ರೇ" ಎಂದರು. ಕರ್ನಲ್‌ನ ಮುಖ ನೋಡಬೇಕಿತ್ತು. ಬಾಯಿ ತೆರೆದದ್ದು ತೆರೆದೇ ಇತ್ತು. ಅವನೇ ಬಂದು ಪೋಸ್ಟ್ ಮಾಸ್ಟರ್ ಎಂದೇ ಆರಿಸಿದ್ದು. ಪಕ್ಷದ ದೊಡ್ಡವರೆಲ್ಲ ಒಪ್ಪಿದ್ದು, ಪತ್ರಿಕೆಯಲ್ಲಿ 'ನಮ್ಮ ಜನಪ್ರಿಯ ಪೋಸ್ಟ್ ಮಾಸ್ಟರ್' ಎಂದು ಬರೆದದ್ದು, ಸಾವಿರಾರು ಜನ ಆ ಚೀಟಿ ಪೆಟ್ಟಿಗೆಗೆ ಹಾಕಿದ್ದು. ಇಷ್ಟು ಜನರಲ್ಲಿ ಒಬ್ಬನಿಗೂ ಪೋಸ್ಟಾಫೀಸು ಸರ್ಕಾರದ್ದು ಎಂದು ನೆನಪಾಗಲಿಲ್ಲ! ಅದು ತಮ್ಮ ಪಕ್ಷದ ಮನೆ ಎಂದೇ ಎಲ್ಲರೂ ತಿಳಿದಿದ್ದರು.

ಆಮೇಲೆ ಓರಿನ್‌ಗೆ ತಿಳಿಯಿತು. ಮೇಜಿನ ಅಂಚು ಹಿಡಿದುಕೊಂಡ.

ಕರ್ನಲ್ ಬೇಗ ಸುಧಾರಿಸಿಕೊಂಡ. "ಇದಕ್ಕೇನು ಮಹಾ? ಬಿಕ್ಸ್‌ಬಿಯವರೇ, ಈಗಲೇ ರಾಜೀನಾಮೆ ಬರೆದುಕೊಡಿ. ನಿಮ್ಮ ಎಲೆಕ್ಟರ್ ಜಾಗ ಖಾಲಿ ಅಂತ ನಾವು ಬರ್ಕೋತೀವಿ. ಖಾಲಿಯಾದ ಜಾಗ ತುಂಬೋಕೆ ಮಿಕ್ಕ ಎಲೆಕ್ಟರುಗಳಿಗೆ ಅಧಿಕಾರ ಉಂಟು. ನಿಮ್ಮನ್ನೇ ತುಂಬ್ಕೊಂಡ್ರಾಯ್ತು."

"ರಾಜೀನಾಮೆ ಯಾರಿಗೆ ಕೊಡೋದು?"

"ವಾಷಿಂಗ್ಟನ್ನಿಗೆ. ಅಧ್ಯಕ್ಷರ ಸರ್ಕಾರಕ್ಕೆ."

"ಆ ಮನುಷ್ಯನಿಗಾ?" ಎಂದ ಓರಿನ್. ಯಾರನ್ನು ಕಿತ್ತುಹಾಕಬೇಕೆಂದು ಪೆಟ್ಟಿಗೆ ಹತ್ತಿ ಕೂಗಿದ್ದನೋ ಅವನ ಕೈಗೇ ತನ್ನ ಹುದ್ದೆ ಒಪ್ಪಿಸಬೇಕು. ಅವನ ಕಣ್ಣು ಮತ್ತೆ ಮೇಲಕ್ಕೆ ಬಂದು ನನ್ನನ್ನು ಹುಡುಕಿತು. ನಾನು ಬೇಡ ಎಂದು ತಲೆಯಾಡಿಸಿದೆ. ಕುಂಟನಿಗೆ ಬೇರೆ ಕೆಲಸವಿಲ್ಲ, ಲೊವೀನಾಳನ್ನು ಒಂದು ಮಾತು ಕೇಳಿಲ್ಲ, ಒಂದು ಚೀಟಿ ಹಾಕುವುದಕ್ಕೆ ಇಷ್ಟೆಲ್ಲ ಯಾಕೆ? ಕೈ ಕೂಡ ಆಡಿಸಿದೆ. ಅವನು ನೋಡಿದ, ನೋಡಿಯೂ ಪೆನ್ನು ತೆಗೆದುಕೊಂಡ. ಬರೆದು ಸಹಿ ಹಾಕಿದ.

"ಈ ಕ್ಷಣದಿಂದ ತಾವು ಪೋಸ್ಟ್ ಮಾಸ್ಟರ್ ಅಲ್ಲ, ಅರ್ಥವಾಯ್ತಾ?" ಎಂದು ಜಡ್ಜ್ ಕೇಳಿದ.

"ಆಯ್ತು ಸ್ವಾಮಿ."

"ಹಾಗಾದ್ರೆ ಒಂದ್ನಿಮಿಷ ಹೊರಗಿರಿ. ನಿಮ್ಮ ಹೆಸರಿನ ಮಾತು ಬರುವಾಗ ನೀವು ಎದುರಿಗಿರಬಾರ್ದು. ಬರೀ ಶಾಸ್ತ್ರಕ್ಕೆ" ಎಂದ ಕರ್ನಲ್, ಬೆನ್ನು ತಟ್ಟಿ. ಓರಿನ್ ಕಾಲೆಳೆದುಕೊಂಡು ಹೊರಗೆ ಹೋದ. ಹೋಗುತ್ತ ಕೋಟಿನ ಗುಂಡಿ ಹಾಕಿಕೊಂಡ. ಬಾಗಿಲು ಮುಚ್ಚಿತು.

ಮುಚ್ಚಿದ್ದೇ ತಡ, ಜಡ್ಜ್ ಗಂಟಲು ಸರಿ ಮಾಡಿಕೊಂಡ. ನವೆಂಬರಿನಲ್ಲಿ ಜನ ಆರಿಸಿದ ದಿನ ಈ ಮನುಷ್ಯ ಹುದ್ದೆಯಲ್ಲಿದ್ದ. ಇವತ್ತು ಅವನನ್ನೇ ಮತ್ತೆ ತಂದು ಕೂರಿಸಿ, ನಾಳೆ ವಾಷಿಂಗ್ಟನ್ನಿನಲ್ಲಿ ಎಣಿಸುವಾಗ ಆ ವೋಟು ನಡೆಯದು ಎಂದು ಯಾರಾದರೂ ಎತ್ತಿ ಆಡಿದರೆ ಜನರಲ್‌ಗೆ ಒಂದು ವೋಟು ನಷ್ಟ, ನಮ್ಮ ರಾಜ್ಯಕ್ಕೆ ಮಾನ ನಷ್ಟ. ಕಳಂಕವಿಲ್ಲದ ಹೊಸ ಹೆಸರು ವಾಸಿ ಎಂದ. ಅವನ ಮಾತಿನಲ್ಲಿ ನ್ಯಾಯ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಅದನ್ನು ಓರಿನ್ ಸಹಿ ಹಾಕುವುದಕ್ಕೆ ಮುಂಚೆ ಹೇಳಬಹುದಿತ್ತಲ್ಲ!

ಕರ್ನಲ್ ಮೇಜಿನ ಮೇಲೆ ಬೆರಳು ಬಡಿಯುತ್ತ ಒಂದು ಗಳಿಗೆ ಯೋಚಿಸಿದ. ಒಂದೇ ಗಳಿಗೆ. ಆಮೇಲೆ ಗೋಡೆಯ ಪಕ್ಕ ನಿಂತಿದ್ದ ತನ್ನ ಭಾವಮೈದುನ ಫಿಸ್ಕ್‌ನ ಕಡೆ ತಿರುಗಿದ. ಫಿಸ್ಕ್ ಸುಮ್ಮನೆ ತಮಾಷೆ ನೋಡಲು ಬಂದವನು, ಕೈಯಲ್ಲಿ ಅರ್ಧ ತಿಂದ ಸೇಬು ಇತ್ತು.

"ಮಿಸ್ಟರ್ ಫಿಸ್ಕ್ ಆಗಬಹುದು ಅನ್ನೋರು?"

"ಆಗಬಹುದು" ಎಂದ ಜಡ್ಜ್. "ಆಗಬಹುದು" ಎಂದ ಬ್ಯಾಂಕಿನವನು. "ಆಗಬಹುದು" ಎಂದ ಗಿರಣಿಯವನು.

ನನಗೆ ಏನಾಯಿತೋ ಗೊತ್ತಿಲ್ಲ. ಕಂಬ ಹಿಡಿದು ಬಗ್ಗಿ ಕಿರುಚಿದೆ. "ಆಗಬಾರ್ದು! ಆಯಪ್ಪ ಹೊರಗೆ ನಿಂತಿದ್ದಾನೆ! ಕೆಲಸ ಬಿಡಿಸಿ ಹೊರಗೆ ನಿಲ್ಲಿಸಿದ್ದೀರಲ್ರೋ! ಹೋಗಿ ಹೇಳಿಯಾದ್ರೂ ಬನ್ರಿ!"

"ಯಾರವನು?" ಎಂದ ಕರ್ನಲ್.

"ಗಾಡಿಯವನು. ಡೆಮಾಕ್ರಾಟು" ಎಂದು ಯಾರೋ ಹೇಳಿದರು. ಜಗಲಿಯ ತುಂಬ ನಗು. ಕಾವಲುಗಾರ ನನ್ನ ಕೊರಳಪಟ್ಟಿಗೆ ಕೈ ಹಾಕಿದ. ನಾನು ಅವನನ್ನು ತಳ್ಳಿ ಮೆಟ್ಟಿಲ ಕಡೆ ನುಗ್ಗಿದೆ. ಆ ಜನರ ನಡುವೆ ಇಳಿಯುವುದೆಂದರೆ ಸುಲಭವೇ? ನಾನು ಕೆಳಗೆ ಬರುವಷ್ಟರಲ್ಲಿ ಒಳಗೆ ಹೊಸದಾಗಿ ಹಾಜರಿ ಕರೆಯಲು ಶುರು ಮಾಡಿದ್ದರು. ಗುಮಾಸ್ತ ಹೆಸರು ಹಿಡಿದು ಕರೆಯುವುದಿಲ್ಲ, ಜಿಲ್ಲೆ ಹಿಡಿದು ಕರೆಯುತ್ತಾನೆ; ನಮ್ಮ ಗುಡ್ಡದ ಊರುಗಳದು ಮೂರನೆಯದು. "ಮೂರನೇ ಜಿಲ್ಲೆ!" ಎಂಬ ಕೂಗು ಬಾಗಿಲಾಚೆಗೂ ಕೇಳಿತು. ಓರಿನ್ ತನ್ನನ್ನೇ ಕರೆದರೆಂದುಕೊಂಡು ಬಾಗಿಲು ತಳ್ಳಿ ಒಳಗೆ ಕಾಲಿಟ್ಟ.

"ಹಾಜರ್!" ಎಂದ ಗಟ್ಟಿಯಾಗಿ.

"ಹಾಜರ್" ಎಂದ ಫಿಸ್ಕ್, ಅದೇ ಹೊತ್ತಿಗೆ, ಮೂರನೆಯ ಕುರ್ಚಿಯಿಂದ.

ಮೇಲೆ ಯಾರೋ ನಕ್ಕರು. ಮಿಕ್ಕವರು ನಗಲಿಲ್ಲ. ಓರಿನ್ ಬಾಗಿಲಲ್ಲಿ ನಿಂತುಬಿಟ್ಟ. ಮೊದಲು ಫಿಸ್ಕ್‌ನನ್ನು ನೋಡಿದ, ಆಮೇಲೆ ಕುರ್ಚಿಗಳನ್ನು ನೋಡಿದ, ಆರನೆಯದು ಎಲ್ಲಾದರೂ ಇದೆಯೋ ಎನ್ನುವ ಹಾಗೆ. ನಾನು ಅವನ ಹಿಂದೆಯೇ ಇದ್ದೆ. ಅವನ ಕುತ್ತಿಗೆ ಕೆಂಪಾಗಿ, ನಿಧಾನವಾಗಿ ಬಿಳುಚಿಕೊಂಡದ್ದು ಕಂಡಿತು. ಕರ್ನಲ್ ಎದ್ದು ಬಂದು ಅವನ ಭುಜ ಹಿಡಿದ.

"ಜಡ್ಜ್ ಸಾಹೇಬ್ರು ಏನೋ ಕಾನೂನಿನ ತೊಡಕು ಅಂದ್ರು ಬಿಕ್ಸ್‌ಬಿಯವರೇ. ಬೇಜಾರು ಮಾಡ್ಕೋಬೇಡಿ. ಮಾರ್ಚಿನಲ್ಲಿ ಜನರಲ್ ಗಾದಿಗೆ ಬರ್ತಾರೆ, ನಿಮ್ಮನ್ನ ಮರೆಯೋದಿಲ್ಲ."

ಓರಿನ್ "ಸರಿ" ಎಂದ. ಅಷ್ಟೇ ಅಂದದ್ದು. ನಾನಾಗಿದ್ದರೆ ಆ ಹಸಿರು ಮೇಜನ್ನು ಬುಡಮೇಲು ಮಾಡುತ್ತಿದ್ದೆ. ಅವನು ಗೋಡೆಯ ಪಕ್ಕ, ಫಿಸ್ಕ್ ನಿಂತಿದ್ದ ಜಾಗದಲ್ಲೇ ನಿಂತು ಪೂರ್ತಿ ನೋಡಿದ. ಐದೂ ವೋಟು ಜನರಲ್‌ಗೆ ಬಿತ್ತು. ಹೊರಗೆ ತೋಪು ಹಾರಿಸಿದರು. ಫಿಸ್ಕ್ ತನ್ನ ಚೀಟಿಯಲ್ಲಿ ಜನರಲ್‌ನ ಹೆಸರನ್ನು ಪೂರ್ತಿ ಬರೆದನೋ ಅರ್ಧ ಬರೆದನೋ ನನಗೆ ಗೊತ್ತಿಲ್ಲ.

ಮಾರನೆಯ ದಿನ ಹೊರಟೆವು. ನಾನು ಜೀವಮಾನದಲ್ಲಿ ಮೊದಲ ಸಲ ಅವನ ಜೊತೆ ಮಾತಿಗೆ ತಡಕಾಡಿದೆ. ಬಯ್ಯೋ, ಯಾರನ್ನಾದರೂ ಬಯ್ಯೋ ಎಂದೆ. ಅವನು ಬಯ್ಯಲಿಲ್ಲ. ಕೆಳಗಿನ ಪೇಟೆಯಲ್ಲಿ ನಮ್ಮೂರಿನ ಅಂಚೆ ಚೀಲ ಕಾಯುತ್ತಿತ್ತು, ಅದನ್ನು ಹಾಕಿಕೊಂಡೆ. ಹತ್ತಿಸುವಾಗ ಎಂದಿನಂತೆ ಅವನು ಒಂದು ಕಡೆ ಹಿಡಿಯಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡ.

ಮಬ್ಬುಗತ್ತಲಿಗೆ ಊರು ಮುಟ್ಟಿದರೆ ಪೋಸ್ಟಾಫೀಸಿನ ಕೋಣೆಯಲ್ಲಿ ಊರಿಗೆ ಊರೇ ನೆರೆದಿತ್ತು. ದೀಪ ಹಚ್ಚಿದ್ದರು, ಬಾಗಿಲಿಗೆ ಬಾವುಟ ಕಟ್ಟಿದ್ದರು. ಲೊವೀನಾ ಕೋಳಿ ಕಡುಬು ಮಾಡಿ ಒಲೆಯ ಮೇಲೆ ಬೆಚ್ಚಗಿಟ್ಟಿದ್ದಳು. ನಾವು ಒಳಗೆ ಬಂದದ್ದೇ ತಡ, ಹೋ ಎಂದು ಕೂಗು.

"ಹೇಳೋ ಓರಿನ್, ಹೇಳೋ! ಜನರಲ್ ಹೆಸರು ಬರೆಯುವಾಗ ಕೈ ನಡುಗ್ತಾ?"

ಅವನು ಬಾಯಿ ತೆರೆಯುವ ಮುಂಚೆ ನಾನೇ ಮುಂದೆ ಬಿದ್ದೆ. "ನಡುಗಲಿಲ್ಲ ಕಣ್ರೋ. ಮಾರುದ್ದ ಅಕ್ಷರದಲ್ಲಿ ಬರೆದ, ಮೇಲಿಂದ ನನಗೇ ಕಾಣ್ತಿತ್ತು!" ನನ್ನ ಬಾಯಲ್ಲಿ ಆ ಜನರಲ್‌ನ ಪರ ಬಂದ ಮೊದಲ ಸುಳ್ಳು ಅದು.

"ಇಲ್ಲ" ಎಂದ ಓರಿನ್. "ನಾನು ಹಾಕ್ಲಿಲ್ಲ. ನನ್ನನ್ನ ಹೊರಗೆ ನಿಲ್ಸಿದ್ರು. ಬೇರೆಯೋನು ಹಾಕ್ದ."

ನಡೆದದ್ದನ್ನು ಅವನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಯಾರಿಗೂ ನಂಬಿಕೆ ಬರಲಿಲ್ಲ. ಒಬ್ಬ ನನ್ನ ಮುಖ ನೋಡಿದ, ನಾನೇ ಏನೋ ಕಿತಾಪತಿ ಮಾಡಿದೆನೋ ಎಂಬಂತೆ. ನಾನು ತಲೆ ತಗ್ಗಿಸಿದೆ.

ಲೊವೀನಾ ಅಳಲಿಲ್ಲ, ಕೂಗಲಿಲ್ಲ. "ಊಟ ಮಾಡೋಣ, ಮೊದ್ಲು ಚೀಲ ತೆಗೀರಿ. ಜನ ಕಾಯ್ತಿದ್ದಾರೆ" ಎಂದಳು.

ಅವನು ಕಟ್ಟೆಯ ಹಿಂದಕ್ಕೆ ಹೋಗಿ, ಜೇಬಿನಿಂದ ಬೀಗದ ಕೈ ತೆಗೆದು ಅದರ ಮೇಲೆ ಇಟ್ಟ. "ನಾನು ತೆಗೆಯೋ ಹಾಗಿಲ್ಲ ಲೊವೀನಾ. ಈ ಕ್ಷಣದಿಂದ ಅಲ್ಲ ಅಂತ ಜಡ್ಜ್ ಹೇಳಿದ್ದಾರೆ, ಆಯ್ತು ಅಂತ ನಾನು ಒಪ್ಪಿದ್ದೀನಿ."

"ಹಾಗಾದ್ರೆ ನಾನು ತೆಗೀತೀನಿ. ನಾನೂ ಪ್ರಮಾಣ ಮಾಡಿಲ್ವೇನ್ರೀ? ಸಹಾಯಕಿ ಅಲ್ವೇನು?"

"ಯಾರ ಸಹಾಯಕಿ?"

ಅವಳ ಮುಖ ಆಗ ಕಳೆಗುಂದಿತು. ಬೀಗ ಹಾಕಿದ ಚೀಲ ಕೋಣೆಯ ನಡುವೆ ಬಿದ್ದಿತ್ತು, ಊರಿನ ಕಾಗದವೆಲ್ಲ ಅದರೊಳಗೆ. ಬೀಗದ ಕೈ ಕಣ್ಣೆದುರಿಗೇ ಇತ್ತು. ಅದನ್ನು ಮುಟ್ಟುವ ಹಕ್ಕಿದ್ದವನು ಆ ಇಡೀ ಊರಿನಲ್ಲಿ ಒಬ್ಬನೂ ಇರಲಿಲ್ಲ. ಇಂಥದ್ದೊಂದು ಆಗಬಹುದೆಂದು ನಾವು ಕನಸಿನಲ್ಲಿಯೂ ನೆನೆಸಿರಲಿಲ್ಲ.

ಹಿಂದೆ ನಿಂತಿದ್ದ ಒಬ್ಬ ಮುದುಕಿ ಮುಂದೆ ಬಂದಳು. ಅವಳ ಮಗಳು ಪಶ್ಚಿಮಕ್ಕೆ ಹೋಗಿ ಬಸುರಿಯಾಗಿದ್ದಳು, ಕಾಗದ ಬಂತೇ ಎಂದು ಮುದುಕಿ ದಿನಾ ಬಂದು ವಿಚಾರಿಸುತ್ತಿದ್ದಳು. ಅವಳಿಗೆ ಈ ಮಾತೆಲ್ಲ ಅರ್ಥವಾಗಿರಲಿಲ್ಲ. "ನಂಗೇನಾದ್ರೂ ಬಂದಿದ್ಯೇನಪ್ಪ, ಓರಿನ್?"

ಅವನು ಅಭ್ಯಾಸದಿಂದ ಗೂಡುಗಳ ಕಡೆ ತಿರುಗಿದ. ಕೈ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

"ಗೊತ್ತಿಲ್ಲಮ್ಮ" ಎಂದ. ಆ ಕೋಣೆಯಲ್ಲಿ ಅವನ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ. ಕಟ್ಟೆಯ ಪಕ್ಕದ ಪುಟ್ಟ ಬಾಗಿಲು ತೆರೆದು ಈಚೆಗೆ, ನಮ್ಮೆಲ್ಲರ ಕಡೆಗೆ ಬಂದು ನಿಂತ.

ಜನ ಒಬ್ಬೊಬ್ಬರಾಗಿ ಹೊರಟರು. ಕಡುಬನ್ನು ಯಾರೂ ಮುಟ್ಟಲಿಲ್ಲ. ಚೀಲವನ್ನು ಕೆಳಗಿನ ಪೇಟೆಗೇ ವಾಪಸು ಒಯ್ದು ಅಲ್ಲಿನ ಪೋಸ್ಟ್ ಮಾಸ್ಟರ್ ಕೈಯಲ್ಲಿ ತೆಗೆಸಿ ತರುವುದೆಂದು ನಾನು ಹೇಳಿದೆ. ಅದನ್ನು ಎತ್ತಿ ಹಿಮಗಾಡಿಗೆ ಹಾಕುತ್ತಿದ್ದಾಗ ಓರಿನ್ ಕೋಟೂ ಇಲ್ಲದೆ ಹೊರಗೆ ಬಂದ. ಮನಸ್ಸು ಬದಲಾಯಿಸಿದನೇನೋ, ಚೀಲ ಇಳಿಸು ಅನ್ನುತ್ತಾನೇನೋ ಎಂದುಕೊಂಡೆ. ಅವನು ಕುದುರೆಯ ಕುತ್ತಿಗೆಯ ಮೇಲೆ ಕೈ ಇಟ್ಟ.

"ರೂಫಸ್, ನೀನು ಮೇಲಿಂದ ನೋಡ್ತಿದ್ಯಲ್ಲ. ನಿಜ ಹೇಳು. ನಾನು ಹೊರಗೆ ಹೋದ್ಮೇಲೆ, ಬೇಡ, ಓರಿನ್ನೇ ಇರ್ಲಿ ಅಂತ ಒಬ್ರಾದ್ರೂ ಅಂದ್ರಾ?"

ಆ ಮೂರು 'ಆಗಬಹುದು' ನನ್ನ ಕಿವಿಯಲ್ಲಿ ಇನ್ನೂ ಇತ್ತು. ಸಂಜೆ ಸುಳ್ಳು ಹೇಳಿದ್ದ ನಾಲಿಗೆ ಈಗ ಏಳಲಿಲ್ಲ.

"ನಾನು ಅಂದೆ ಕಣೋ" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಎಷ್ಟೋ ವರ್ಷ ಕಟ್ಟೆಯ ಹಿಂದಿನಿಂದ ನನ್ನನ್ನು ಹಂಗಿಸುತ್ತಿದ್ದಾಗ ಬರುತ್ತಿದ್ದ ವಾರೆನಗೆ ಒಂದು ಸಲ ಬಂದು ಹೋಯಿತು.

"ನೀನು ಲೆಕ್ಕಕ್ಕಿಲ್ಲ ಬಿಡು" ಎಂದ. ಬಾಗಿಲವರೆಗೆ ಹೋಗಿ ಚಿಲಕದ ಮೇಲೆ ಕೈ ಇಟ್ಟು, ತಿರುಗದೆಯೇ ಹೇಳಿದ:

"ನಾನೂ ಇಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡ.